ವ್ಯಾಪಾರ ಮತ್ತು ಹೂಡಿಕೆ ಒಪ್ಪಂದಗಳಿಂದ ಅಭಿವೃದ್ಧಿಶೀಲ ದೇಶಗಳಿಗೆ ಆಗುವುದೇನು? ಪದೇ ಪದೇ ಕೇಳುವ ಪ್ರಶ್ನೆಗಳು

ವಿದೇಶಗಳೊಡನೆ ಆಗುವ ಒಪ್ಪಂದಗಳು ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಹೆಚ್ಚಾಗಿ ಸಹಿ ಬಿದ್ದ ದಿನ ಮಾತ್ರ. ಅವುಗಳ ಪರಿಣಾಮ ವರ್ಷಗಳ ನಂತರ ಕಾಳುಮೆಣಸಿನ ಮಂಡಿಯಲ್ಲೋ ಔಷಧಿ ಅಂಗಡಿಯಲ್ಲೋ ಕಾಣಿಸಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಯಾವ ಷರತ್ತಿನಿಂದ ಏನಾಯಿತು ಎಂಬುದು ಬಾಧಿತರಿಗೇ ತಿಳಿಯದಂತಾಗಿರುತ್ತದೆ. ಬೆಳೆಗಾರರು, ವಿದ್ಯಾರ್ಥಿಗಳು ಮತ್ತು ಸಣ್ಣ ಉದ್ಯಮಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ವ್ಯಾಪಾರ ಒಪ್ಪಂದಕ್ಕೂ ಹೂಡಿಕೆ ಒಪ್ಪಂದಕ್ಕೂ ಏನು ವ್ಯತ್ಯಾಸ?

ವ್ಯಾಪಾರ ಒಪ್ಪಂದವು ಗಡಿ ದಾಟಿ ಬರುವ ಸರಕು ಮತ್ತು ಸೇವೆಗಳಿಗೆ ಸಂಬಂಧಿಸಿದ್ದು. ಯಾವ ವಸ್ತುವಿಗೆ ಎಷ್ಟು ಸುಂಕ, ಯಾವುದಕ್ಕೆ ವಿನಾಯಿತಿ, ಯಾವ ಗುಣಮಟ್ಟದ ನಿಯಮ ಎಂಬುದನ್ನು ಅದು ಗೊತ್ತುಪಡಿಸುತ್ತದೆ. ಇವುಗಳಲ್ಲಿ ದೊಡ್ಡದು 1995ರ ಜನವರಿ 1ರಂದು ಅಸ್ತಿತ್ವಕ್ಕೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಗಳ ಸಮೂಹ. ಅದಕ್ಕೆ ಹಿಂದಿದ್ದ ಗ್ಯಾಟ್ (ಸುಂಕ ಮತ್ತು ವ್ಯಾಪಾರ ಕುರಿತ ಸಾಮಾನ್ಯ ಒಪ್ಪಂದ) ಒಪ್ಪಂದದ 23 ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದು. ಇದಲ್ಲದೆ ಎರಡು ದೇಶಗಳು ಅಥವಾ ಕೆಲವು ದೇಶಗಳ ಗುಂಪು ತಮ್ಮೊಳಗೇ ಮಾಡಿಕೊಳ್ಳುವ ಮುಕ್ತ ವ್ಯಾಪಾರ ಒಪ್ಪಂದಗಳಿವೆ.

ಹೂಡಿಕೆ ಒಪ್ಪಂದದ ವಿಷಯ ಬೇರೆ. ಒಂದು ದೇಶದ ಕಂಪನಿ ಇನ್ನೊಂದು ದೇಶದಲ್ಲಿ ಹಾಕಿದ ಬಂಡವಾಳಕ್ಕೆ ಆ ದೇಶದ ಸರ್ಕಾರ ಯಾವ ಬಗೆಯ ರಕ್ಷಣೆ ಕೊಡಬೇಕು ಎಂಬುದನ್ನು ಅದು ಹೇಳುತ್ತದೆ. ಇಂತಹ ಮೊದಲ ದ್ವಿಪಕ್ಷೀಯ ಒಪ್ಪಂದ ಆದದ್ದು 1959ರಲ್ಲಿ, ಪಶ್ಚಿಮ ಜರ್ಮನಿ ಮತ್ತು ಪಾಕಿಸ್ತಾನದ ನಡುವೆ. ಭಾರತ ತನ್ನ ಮೊದಲ ಹೂಡಿಕೆ ಒಪ್ಪಂದವನ್ನು 1994ರಲ್ಲಿ ಬ್ರಿಟನ್ ಜೊತೆ ಮಾಡಿಕೊಂಡಿತು. ವ್ಯಾಪಾರ ಒಪ್ಪಂದ ಮುರಿದರೆ ಒಂದು ಸರ್ಕಾರದ ಮೇಲೆ ಇನ್ನೊಂದು ಸರ್ಕಾರ ದೂರು ಕೊಡುತ್ತದೆ. ಹೂಡಿಕೆ ಒಪ್ಪಂದದಡಿಯಲ್ಲಿ ಕಂಪನಿಯೇ ನೇರವಾಗಿ ಸರ್ಕಾರದ ಮೇಲೆ ದಾವೆ ಹೂಡಬಹುದು. ಮುಂದಿನ ಉತ್ತರಗಳಲ್ಲಿ ಈ ವ್ಯತ್ಯಾಸ ಮುಖ್ಯವಾಗುತ್ತದೆ.

ಬಡ ದೇಶಗಳಿಗೆ ಈ ಒಪ್ಪಂದಗಳಿಂದ ನಿಜವಾಗಿಯೂ ಲಾಭವಾಗಿದೆಯೇ?

ಆಗಿದೆ, ಮತ್ತು ಅದನ್ನು ಅಲ್ಲಗಳೆಯುವುದು ಪ್ರಾಮಾಣಿಕವಾಗದು. ಐರೋಪ್ಯ ಒಕ್ಕೂಟವು 2001ರಿಂದ ಅತಿ ಹಿಂದುಳಿದ ದೇಶಗಳ ಸರಕಿಗೆ, ಶಸ್ತ್ರಾಸ್ತ್ರಗಳನ್ನು ಬಿಟ್ಟು, ಸುಂಕರಹಿತ ಪ್ರವೇಶ ಕೊಟ್ಟಿತು. ಬಾಂಗ್ಲಾದೇಶದ ಸಿದ್ಧ ಉಡುಪು ಉದ್ಯಮ ಬೆಳೆದದ್ದರಲ್ಲಿ ಇದರ ಪಾತ್ರ ದೊಡ್ಡದು. ಆದರೆ ಇಲ್ಲಿಯೂ ಸೂಕ್ಷ್ಮವೊಂದಿದೆ. ಮೊದಲಿಗೆ ನೇಯ್ಗೆ ಮತ್ತು ಹೊಲಿಗೆ ಎರಡೂ ಬಾಂಗ್ಲಾದೇಶದಲ್ಲೇ ನಡೆದರೆ ಮಾತ್ರ ರಿಯಾಯಿತಿ ಸಿಗುತ್ತಿತ್ತು. 2011ರಲ್ಲಿ ಈ ನಿಯಮ ಸಡಿಲಗೊಂಡು, ಹೊರಗಿನ ಬಟ್ಟೆ ತಂದು ಹೊಲಿದರೂ ಸಾಕು ಎಂದಾಯಿತು. ಸುಂಕ ಮೊದಲೂ ಸೊನ್ನೆ, ಆಮೇಲೂ ಸೊನ್ನೆ. ಆ ಸೊನ್ನೆಯನ್ನು ಹೆಚ್ಚು ಕಾರ್ಖಾನೆಗಳಿಗೆ ತಲುಪಿಸಿದ್ದು ಈ ನಿಯಮದ ಬದಲಾವಣೆ. ಅದೇ ಉದ್ಯಮದಲ್ಲಿ 2013ರ ಏಪ್ರಿಲ್‌ನಲ್ಲಿ ಢಾಕಾ ಸಮೀಪದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಕಾರ್ಮಿಕರು ಸತ್ತರು ಎಂಬುದನ್ನೂ ಜೊತೆಗೇ ನೆನೆಯಬೇಕು. ಮಾರುಕಟ್ಟೆ ತೆರೆದುಕೊಟ್ಟ ನಿಯಮಗಳು ಕಾರ್ಮಿಕರ ಪ್ರಾಣ ಕಾಯಲಿಲ್ಲ.

ವಿಯೆಟ್ನಾಂ 2001ರಲ್ಲಿ ಅಮೆರಿಕದೊಂದಿಗಿನ ವ್ಯಾಪಾರ ಒಪ್ಪಂದವನ್ನು ಜಾರಿಗೆ ತಂದು, 2007ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯನ್ನು ಸೇರಿ, ಮೊಬೈಲ್ ಫೋನ್ ಮತ್ತು ಎಲೆಕ್ಟ್ರಾನಿಕ್ ಸಾಮಗ್ರಿಗಳ ದೊಡ್ಡ ರಫ್ತುದಾರನಾಯಿತು. ಅಲ್ಲಿನ ರಫ್ತಿನ ಬಹುಪಾಲು ವಿದೇಶಿ ಬಂಡವಾಳದ ಕಂಪನಿಗಳದ್ದು. ಉದ್ಯೋಗ ದೇಶಕ್ಕೆ ಸಿಕ್ಕಿತು, ಆದರೆ ತಂತ್ರಜ್ಞಾನ ದೇಶೀಯ ಉದ್ಯಮಿಗಳ ಕೈಗೆ ಎಷ್ಟು ಬಂದಿದೆ ಎಂಬ ಪ್ರಶ್ನೆ ಅಲ್ಲಿನ ಅರ್ಥಶಾಸ್ತ್ರಜ್ಞರನ್ನೂ ಕಾಡುತ್ತಿದೆ.

ಹಾಗಾದರೆ ನಷ್ಟ ಅನುಭವಿಸುವವರು ಯಾರು?

ಹೆಚ್ಚಾಗಿ ಸಣ್ಣ ರೈತರು. ಅಮೆರಿಕ, ಕೆನಡಾ ಮತ್ತು ಮೆಕ್ಸಿಕೋ ನಡುವಿನ ನಾಫ್ಟಾ ಒಪ್ಪಂದ 1994ರ ಜನವರಿ 1ರಂದು ಜಾರಿಯಾಯಿತು. ಮೆಕ್ಸಿಕೋದಲ್ಲಿ ಕಾರು ತಯಾರಿಕೆ ಬೆಳೆಯಿತು, ಅದೇ ವೇಳೆಗೆ ಅಮೆರಿಕದ ಸಬ್ಸಿಡಿ ಪಡೆದ ಮೆಕ್ಕೆಜೋಳ ಒಳನುಗ್ಗಿತು. ಸಾವಿರಾರು ವರ್ಷಗಳಿಂದ ಮೆಕ್ಕೆಜೋಳವನ್ನೇ ನಂಬಿದ್ದ ಕುಟುಂಬಗಳಲ್ಲಿ ಅನೇಕವು ಹೊಲ ಬಿಟ್ಟು ಗುಳೆ ಹೋದವು. ಮೆಕ್ಕೆಜೋಳದ ಸುಂಕವನ್ನು 15 ವರ್ಷಗಳಲ್ಲಿ ಹಂತಹಂತವಾಗಿ ಇಳಿಸಲು ಒಪ್ಪಂದದಲ್ಲಿ ಅವಕಾಶವಿತ್ತು. ಮಿತಿ ಮೀರಿ ಬಂದ ಮೆಕ್ಕೆಜೋಳಕ್ಕೆ ವಿಧಿಸಬಹುದಾಗಿದ್ದ ಆ ಸುಂಕವನ್ನು ಮೆಕ್ಸಿಕೋ ಸರ್ಕಾರವೇ ವಸೂಲಿ ಮಾಡಲಿಲ್ಲ. ಒಪ್ಪಂದ ಕೊಟ್ಟ ಕಾಲಾವಕಾಶವನ್ನು ರೈತರ ಕೈಗೆ ತಲುಪಿಸದೆ ಹೋದದ್ದು ಅಲ್ಲಿನ ಆಡಳಿತ.

ಪಶ್ಚಿಮ ಆಫ್ರಿಕಾದ ಬೆನಿನ್, ಬುರ್ಕಿನಾ ಫಾಸೊ, ಚಾಡ್ ಮತ್ತು ಮಾಲಿ ದೇಶಗಳ ಹತ್ತಿ ಬೆಳೆಗಾರರದು ಇನ್ನೊಂದು ಬಗೆಯ ಅಳಲು. ಅಮೆರಿಕದ ಹತ್ತಿ ಸಬ್ಸಿಡಿಯಿಂದ ಜಾಗತಿಕ ಬೆಲೆ ಕುಗ್ಗುತ್ತದೆ ಎಂದು ಈ ನಾಲ್ಕು ದೇಶಗಳು 2003ರಿಂದಲೂ ಹೇಳುತ್ತಿವೆ. ಇದೇ ಸಬ್ಸಿಡಿಯ ವಿರುದ್ಧ ಬ್ರೆಜಿಲ್ ದಾವೆ ಹೂಡಿ ಗೆದ್ದು, 2014ರಲ್ಲಿ 30 ಕೋಟಿ ಡಾಲರ್ ಪಡೆದು ರಾಜಿಯಾಯಿತು. ವರ್ಷಗಟ್ಟಲೆ ವಕೀಲರನ್ನು ಇಟ್ಟುಕೊಂಡು ಹೋರಾಡುವ ಶಕ್ತಿಯಾಗಲಿ, ಗೆದ್ದ ಮೇಲೆ ಅಮೆರಿಕಕ್ಕೆ ಪ್ರತೀಕಾರದ ಸುಂಕ ಹಾಕಿ ಬಿಸಿ ಮುಟ್ಟಿಸುವ ಶಕ್ತಿಯಾಗಲಿ ಮಾಲಿಗೆ ಇರಲಿಲ್ಲ. ನಿಯಮ ಎಲ್ಲರಿಗೂ ಒಂದೇ ಆಗಿದ್ದರೂ ಅದನ್ನು ಬಳಸುವ ಸಾಮರ್ಥ್ಯ ಒಂದೇ ಅಲ್ಲ.

ಕೊಡಗು, ಚಿಕ್ಕಮಗಳೂರಿನ ಕಾಳುಮೆಣಸು ಬೆಳೆಗಾರರು ಶ್ರೀಲಂಕಾ ಒಪ್ಪಂದವನ್ನು ಏಕೆ ದೂರುತ್ತಾರೆ?

ಭಾರತ ಮತ್ತು ಶ್ರೀಲಂಕಾ ನಡುವಿನ ಮುಕ್ತ ವ್ಯಾಪಾರ ಒಪ್ಪಂದಕ್ಕೆ 1998ರ ಡಿಸೆಂಬರ್‌ನಲ್ಲಿ ಸಹಿಯಾಗಿ, 2000ದ ಮಾರ್ಚ್‌ನಲ್ಲಿ ಅದು ಜಾರಿಗೆ ಬಂತು. ಶ್ರೀಲಂಕಾದ ಕಾಳುಮೆಣಸಿಗೆ ಇದರಡಿ ಸುಂಕವಿಲ್ಲದೆ ಬರುವ ದಾರಿ ಸಿಕ್ಕಿತು. ಒಪ್ಪಂದವಿಲ್ಲದ ದೇಶಗಳ ಮೆಣಸಿಗೆ ಭಾರತ ಹಾಕುತ್ತಿದ್ದ ಸುಂಕ ಶೇ 70. ಜಗತ್ತಿನಲ್ಲಿ ಅತಿ ಹೆಚ್ಚು ಮೆಣಸು ಬೆಳೆಯುವ ವಿಯೆಟ್ನಾಂ ಆಗ್ನೇಯ ಏಷ್ಯಾ ದೇಶಗಳ ಆಸಿಯಾನ್ ಕೂಟದ ಸದಸ್ಯ. 2010ರಲ್ಲಿ ಜಾರಿಯಾದ ಆಸಿಯಾನ್ ಒಪ್ಪಂದದಲ್ಲಿ ಭಾರತ ಮೆಣಸನ್ನು ವಿಶೇಷ ಪಟ್ಟಿಯಲ್ಲಿಟ್ಟು, ಸುಂಕವನ್ನು ನಿಧಾನವಾಗಿ ಶೇ 50ರವರೆಗೆ ಮಾತ್ರ ಇಳಿಸಲು ಒಪ್ಪಿತ್ತು. ಅಂದರೆ ವಿಯೆಟ್ನಾಂ ಮೆಣಸು ನೇರವಾಗಿ ಬಂದರೆ ಭಾರಿ ಸುಂಕ, ಶ್ರೀಲಂಕಾದ್ದೆಂಬ ಪ್ರಮಾಣಪತ್ರದೊಂದಿಗೆ ಬಂದರೆ ಸೊನ್ನೆ. ಇಷ್ಟು ಅಂತರವಿರುವಾಗ ಸುತ್ತು ಬಳಸಿ ತರುವ ಖರ್ಚು ವ್ಯಾಪಾರಿಗೆ ಏನೇನೂ ಅಲ್ಲ.

ಇದನ್ನು ತಡೆಯಲೆಂದೇ ಪ್ರತಿ ಒಪ್ಪಂದದಲ್ಲೂ ಸರಕಿನ ಮೂಲದೇಶದ ನಿಯಮಗಳಿರುತ್ತವೆ. ಹೊರಗಿನ ಕಚ್ಚಾ ಸಾಮಗ್ರಿಯಿಂದ ಮಾಡಿದ ವಸ್ತುವಾದರೆ ಶ್ರೀಲಂಕಾದೊಳಗೆ ಕನಿಷ್ಠ ಶೇ 35ರಷ್ಟು ಮೌಲ್ಯ ಸೇರಿರಬೇಕು ಎಂಬುದು ಅವುಗಳಲ್ಲೊಂದು. ಆದರೆ ಕಾಳುಮೆಣಸು ಯಂತ್ರದಂತೆ ಬಿಡಿಭಾಗ ಎಣಿಸಿ ನೋಡಬಹುದಾದ ವಸ್ತುವಲ್ಲ. ಶ್ರೀಲಂಕಾದ ಮಾತಳೆಯ ಕಾಳಿಗೂ ವಿಯೆಟ್ನಾಮಿನ ಕಾಳಿಗೂ ಚೀಲದೊಳಗೆ ವ್ಯತ್ಯಾಸ ಹೇಳುವುದು ಕಸ್ಟಮ್ಸ್ ಅಧಿಕಾರಿಗೆ ಕಷ್ಟ, ಪ್ರಮಾಣಪತ್ರ ಕೊಡುವುದು ರಫ್ತು ಮಾಡುವ ದೇಶ.

2016ರ ಸುಮಾರಿಗೆ ಕಿಲೋಗೆ 700 ರೂಪಾಯಿಯ ಆಸುಪಾಸಿನಲ್ಲಿದ್ದ ಬೆಲೆ ಮುಂದಿನ ಎರಡು ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಕುಸಿಯಿತು. ವಿಯೆಟ್ನಾಂನಲ್ಲಿ ಬೆಳೆ ವಿಪರೀತ ಹೆಚ್ಚಿ ಜಗತ್ತಿನಾದ್ಯಂತ ಬೆಲೆ ಇಳಿದದ್ದೂ ಇದಕ್ಕೆ ಕಾರಣವಾದ್ದರಿಂದ ಎಲ್ಲ ಹೊರೆಯನ್ನೂ ಶ್ರೀಲಂಕಾದ ಮೇಲೆ ಹಾಕಲಾಗದು. ಬೆಳೆಗಾರರ ಸಂಘಟನೆಗಳ ಒತ್ತಾಯದ ಮೇರೆಗೆ ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. 2020ರ ಸೆಪ್ಟೆಂಬರ್‌ನಿಂದ ಮೂಲದೇಶದ ಬಗ್ಗೆ ಆಮದುದಾರನೇ ಮಾಹಿತಿ ಇಟ್ಟುಕೊಂಡು ತೋರಿಸಬೇಕೆಂಬ ಹೊಸ ಕಸ್ಟಮ್ಸ್ ನಿಯಮಗಳೂ ಬಂದವು. ಇವೆರಡೂ ಒಳ್ಳೆಯ ಕ್ರಮಗಳೇ. ಒಪ್ಪಂದ ಜಾರಿಯಾದ ಹದಿನೇಳು ಇಪ್ಪತ್ತು ವರ್ಷಗಳ ಮೇಲೆ, ಬೆಳೆಗಾರ ಪೆಟ್ಟು ತಿಂದ ನಂತರ ಬಂದವು ಎಂಬುದೇ ನೋವಿನ ಸಂಗತಿ.

ಆಮದಿನಿಂದ ಬೆಲೆ ಕುಸಿದಾಗಲೆಲ್ಲ ಒಪ್ಪಂದವೇ ಕಾರಣವೇ?

ಅಲ್ಲ. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಪ್ರತಿ ದೇಶವೂ ಒಂದೊಂದು ವಸ್ತುವಿಗೆ ತಾನು ಮೀರಲಾರದ ಗರಿಷ್ಠ ಸುಂಕವನ್ನು ಬರೆದುಕೊಟ್ಟಿರುತ್ತದೆ. ವಾಸ್ತವದಲ್ಲಿ ವಿಧಿಸುವ ಸುಂಕ ಅದಕ್ಕಿಂತ ಎಷ್ಟೋ ಕಡಿಮೆ ಇರಬಹುದು. ತಾಳೆ ಎಣ್ಣೆಗೆ ಭಾರತದ ಗರಿಷ್ಠ ಮಿತಿ ಶೇ 300. ಆದರೂ ನಾವು ಖಾದ್ಯ ತೈಲದ ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ಹೊರಗಿನಿಂದ ತರುತ್ತಿದ್ದೇವೆ, ಏಕೆಂದರೆ ಹಣದುಬ್ಬರದ ಹೆದರಿಕೆಯಿಂದ ಸರ್ಕಾರಗಳು ತಾವಾಗಿಯೇ ಸುಂಕ ಇಳಿಸುತ್ತ ಬಂದಿವೆ.

ನಮ್ಮ ರೇಷ್ಮೆಯ ಕಥೆಯೂ ಇದೇ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಲಾಯಿತು. ಚೀನಾದ ರೇಷ್ಮೆ ಅಗ್ಗವಾಗಿ ರಾಮನಗರದ ಗೂಡು ಮಾರುಕಟ್ಟೆಯನ್ನು ನಂಬಿದ ರೈತರು ತತ್ತರಿಸಿದರು. 2013ರಲ್ಲಿ ಸುಂಕವನ್ನು ಮತ್ತೆ ಶೇ 15ಕ್ಕೆ ಏರಿಸಲಾಯಿತು. ಸುಂಕ ಇಳಿಸುವಂತೆ ಚೀನಾದೊಂದಿಗೆ ಯಾವ ಮುಕ್ತ ವ್ಯಾಪಾರ ಒಪ್ಪಂದವೂ ಇರಲಿಲ್ಲ. ನಮ್ಮದೇ ಸರ್ಕಾರದ ನಿರ್ಧಾರವಾದ್ದರಿಂದಲೇ ಅದನ್ನು ಎರಡು ವರ್ಷಗಳಲ್ಲಿ ತಿದ್ದಲು ಸಾಧ್ಯವಾಯಿತು. ಒಪ್ಪಂದದಲ್ಲಿ ಬರೆದುಕೊಟ್ಟ ಸುಂಕವಾಗಿದ್ದರೆ ಹಾಗೆ ತಿದ್ದುವ ಸ್ವಾತಂತ್ರ್ಯ ಇರುತ್ತಿರಲಿಲ್ಲ. ಹೋರಾಟಗಾರರು ಈ ಎರಡನ್ನೂ ಬೇರ್ಪಡಿಸಿ ನೋಡಬೇಕು, ಇಲ್ಲವಾದರೆ ಮನವಿ ತಪ್ಪು ಬಾಗಿಲಿಗೆ ಹೋಗುತ್ತದೆ.

ಔಷಧಿಗಳ ಬೆಲೆಗೂ ವ್ಯಾಪಾರ ಒಪ್ಪಂದಕ್ಕೂ ಏನು ಸಂಬಂಧ?

ಬೌದ್ಧಿಕ ಆಸ್ತಿ ಹಕ್ಕುಗಳ ಕುರಿತ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದವು ಎಲ್ಲ ಬಗೆಯ ಆವಿಷ್ಕಾರಗಳಿಗೂ 20 ವರ್ಷಗಳ ಪೇಟೆಂಟ್ ಕೊಡಬೇಕೆಂದು ಹೇಳುತ್ತದೆ. ಭಾರತದ 1970ರ ಪೇಟೆಂಟ್ ಕಾಯ್ದೆ ಔಷಧಿ ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಟ್ಟು, ಔಷಧಿಗೆ ಕೊಡುತ್ತಿರಲಿಲ್ಲ. ಬೇರೆ ವಿಧಾನದಲ್ಲಿ ಅದೇ ಔಷಧಿಯನ್ನು ಅಗ್ಗವಾಗಿ ತಯಾರಿಸುವ ನಮ್ಮ ಉದ್ಯಮ ಬೆಳೆದದ್ದೇ ಈ ಕಾನೂನಿನ ನೆರಳಿನಲ್ಲಿ. ಎಚ್‌ಐವಿ ಸೋಂಕಿತರ ಒಂದು ವರ್ಷದ ಚಿಕಿತ್ಸೆಗೆ ಪೇಟೆಂಟ್ ಪಡೆದ ಕಂಪನಿಗಳು 10,000 ಡಾಲರಿಗೂ ಹೆಚ್ಚು ಕೇಳುತ್ತಿದ್ದಾಗ, ಮುಂಬೈನ ಸಿಪ್ಲಾ 2001ರಲ್ಲಿ ಅದನ್ನು 350 ಡಾಲರಿಗೆ ಕೊಡಲು ಮುಂದಾಯಿತು. ಆಫ್ರಿಕಾದಲ್ಲಿ ಉಳಿದ ಜೀವಗಳ ಲೆಕ್ಕದಲ್ಲಿ ಈ ಕಾಯ್ದೆಯ ಬೆಲೆಯನ್ನು ಅಳೆಯಬೇಕು.

2005ರ ಜನವರಿ 1ರಿಂದ ಭಾರತವೂ ಔಷಧಿಗೇ ಪೇಟೆಂಟ್ ಕೊಡಬೇಕಾಯಿತು. ಆಗ ಸಂಸತ್ತು ಕಾಯ್ದೆಯೊಳಗೆ 3(ಡಿ) ಎಂಬ ಕಲಮನ್ನು ಸೇರಿಸಿತು. ಹಳೆಯ ಔಷಧಿಗೆ ಸಣ್ಣಪುಟ್ಟ ಬದಲಾವಣೆ ಮಾಡಿ, ಪರಿಣಾಮ ಹೆಚ್ಚಿದ್ದನ್ನು ತೋರಿಸದೆ ಹೊಸ ಪೇಟೆಂಟ್ ಕೇಳಿದರೆ ಕೊಡುವಂತಿಲ್ಲ ಎಂಬುದು ಇದರ ಸಾರ. ರಕ್ತದ ಕ್ಯಾನ್ಸರ್‌ನ ಗ್ಲಿವೆಕ್ ಔಷಧಿಯ ಕುರಿತ ನೊವಾರ್ಟಿಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ಈ ಕಲಮಿನ ಆಧಾರದ ಮೇಲೆಯೇ ಪೇಟೆಂಟ್ ನಿರಾಕರಿಸಿತು. ಇನ್ನೊಂದು ಅಸ್ತ್ರ ಕಡ್ಡಾಯ ಪರವಾನಗಿ, ಅಂದರೆ ಪೇಟೆಂಟ್ ಪಡೆದವರ ಒಪ್ಪಿಗೆಯಿಲ್ಲದೆಯೂ ಔಷಧಿ ತಯಾರಿಸಲು ಬೇರೆಯವರಿಗೆ ಸರ್ಕಾರ ಕೊಡುವ ಅನುಮತಿ. 2012ರ ಮಾರ್ಚ್‌ನಲ್ಲಿ ಯಕೃತ್ತು ಮತ್ತು ಮೂತ್ರಪಿಂಡದ ಕ್ಯಾನ್ಸರ್‌ಗೆ ಕೊಡುವ ನೆಕ್ಸಾವರ್ ಔಷಧಿಯನ್ನು ತಯಾರಿಸಲು ಹೈದರಾಬಾದಿನ ನ್ಯಾಟ್ಕೊಗೆ ಅಂತಹ ಪರವಾನಗಿ ಸಿಕ್ಕಿ, ತಿಂಗಳಿಗೆ ಸುಮಾರು 2,80,000 ರೂಪಾಯಿ ಇದ್ದ ಬೆಲೆ 8,800 ರೂಪಾಯಿಗೆ ಇಳಿಯಿತು. ಇಂತಹ ಪರವಾನಗಿ ಕೊಡುವ ಹಕ್ಕು ದೇಶಗಳಿಗೆ ಇದೆ ಎಂಬುದನ್ನು ವಿಶ್ವ ವ್ಯಾಪಾರ ಸಂಸ್ಥೆಯ 2001ರ ದೋಹಾ ಘೋಷಣೆಯೇ ಸ್ಪಷ್ಟಪಡಿಸಿದೆ.

ಈಗಿನ ಆತಂಕ ದ್ವಿಪಕ್ಷೀಯ ಒಪ್ಪಂದಗಳದ್ದು. ಟ್ರಿಪ್ಸ್ ಕೇಳುವುದಕ್ಕಿಂತ ಹೆಚ್ಚಿನದನ್ನು ಶ್ರೀಮಂತ ದೇಶಗಳು ಅವುಗಳಲ್ಲಿ ಕೇಳುತ್ತವೆ. ಪೇಟೆಂಟ್ ಅವಧಿಯ ವಿಸ್ತರಣೆ ಒಂದು. ಔಷಧಿಯ ಪರೀಕ್ಷಾ ಮಾಹಿತಿಯನ್ನು ವರ್ಷಗಳ ಕಾಲ ಬೇರೆ ತಯಾರಕರು ಆಧಾರವಾಗಿ ಬಳಸದಂತೆ ಮಾಡುವ ದತ್ತಾಂಶ ಏಕಸ್ವಾಮ್ಯ ಇನ್ನೊಂದು. ಇದನ್ನು ಒಪ್ಪಿಕೊಂಡರೆ ಪೇಟೆಂಟ್ ಇಲ್ಲದ ಔಷಧಿಯೂ ದುಬಾರಿಯಾಗಿಯೇ ಉಳಿಯುತ್ತದೆ.

ಬೆಂಬಲ ಬೆಲೆಯಲ್ಲಿ ಧಾನ್ಯ ಖರೀದಿಸಲು ವಿಶ್ವ ವ್ಯಾಪಾರ ಸಂಸ್ಥೆ ಅಡ್ಡಿಯೇ?

ಭಾಗಶಃ ಹೌದು. ಬೆಲೆಯ ಮೂಲಕ ಕೊಡುವ ನೆರವು ಆ ಬೆಳೆಯ ಒಟ್ಟು ಮೌಲ್ಯದ ಶೇ 10ನ್ನು ಮೀರಬಾರದು ಎಂಬುದು ಅಭಿವೃದ್ಧಿಶೀಲ ದೇಶಗಳಿಗಿರುವ ಮಿತಿ. ಆ ನೆರವನ್ನು ಇಂದಿನ ಮಾರುಕಟ್ಟೆ ಬೆಲೆಯೊಂದಿಗೆ ಹೋಲಿಸದೆ, 1986–88ರ ಜಾಗತಿಕ ಬೆಲೆಯೊಂದಿಗೆ ಹೋಲಿಸುತ್ತಾರೆ. ನಲವತ್ತು ವರ್ಷ ಹಿಂದಿನ ದರವನ್ನು ಇಟ್ಟುಕೊಂಡು ಇಂದಿನ ರೈತನಿಗೆ ಸಿಗುವುದನ್ನು ಸಬ್ಸಿಡಿ ಎನ್ನುವುದು ಅನ್ಯಾಯದ ಲೆಕ್ಕ. ವಿಶ್ವ ವ್ಯಾಪಾರ ಸಂಸ್ಥೆಯ 2013ರ ಬಾಲಿ ಸಮ್ಮೇಳನದಲ್ಲಿ ಭಾರತದ ಪಟ್ಟಿನಿಂದಾಗಿ, ಆಗ ಜಾರಿಯಲ್ಲಿದ್ದ ಆಹಾರ ದಾಸ್ತಾನು ಯೋಜನೆಗಳ ಮೇಲೆ ಯಾರೂ ದಾವೆ ಹೂಡಬಾರದೆಂಬ ಶಾಂತಿ ಷರತ್ತು ಒಪ್ಪಿಗೆಯಾಯಿತು. 2018–19ರ ಅಕ್ಕಿಯ ಲೆಕ್ಕದಲ್ಲಿ ಮಿತಿ ಮೀರಿದಾಗ ಭಾರತ ಅದರ ರಕ್ಷಣೆ ಪಡೆಯಿತು. ಶಾಶ್ವತ ಪರಿಹಾರ ಇನ್ನೂ ಬಾಕಿಯಿದೆ.

ವಿದೇಶಿ ಕಂಪನಿ ನಮ್ಮ ಸರ್ಕಾರದ ಮೇಲೆ ಹೊರಗೆ ದಾವೆ ಹೂಡಲು ಹೇಗೆ ಸಾಧ್ಯ?

ಹೂಡಿಕೆ ಒಪ್ಪಂದಗಳಲ್ಲಿ ಸರ್ಕಾರಗಳು ಮೊದಲೇ ಕೊಟ್ಟಿರುವ ಒಪ್ಪಿಗೆಯಿಂದ. ಮೂವರು ಮಧ್ಯಸ್ಥಗಾರರ ಪೀಠ ವಿಚಾರಣೆ ನಡೆಸುತ್ತದೆ, ಒಬ್ಬೊಬ್ಬರನ್ನು ಎರಡೂ ಕಡೆಯವರು ಆರಿಸುತ್ತಾರೆ. ಸಾಮಾನ್ಯ ಅರ್ಥದ ಮೇಲ್ಮನವಿ ಇಲ್ಲ. ತೀರ್ಪನ್ನು ಬೇರೆ ದೇಶಗಳಲ್ಲಿರುವ ಸರ್ಕಾರದ ಆಸ್ತಿಯ ಮೇಲೂ ಜಾರಿ ಮಾಡಿಸಬಹುದು.

ಭಾರತಕ್ಕೆ ಇದರ ಬಿಸಿ ಮೊದಲು ತಟ್ಟಿದ್ದು 2011ರಲ್ಲಿ, ಆಸ್ಟ್ರೇಲಿಯಾದ ವೈಟ್ ಇಂಡಸ್ಟ್ರೀಸ್ ಪ್ರಕರಣದಲ್ಲಿ. ನಮ್ಮ ನ್ಯಾಯಾಲಯಗಳಲ್ಲಿ ವಿಳಂಬವಾಯಿತೆಂಬುದು ಆ ಕಂಪನಿಯ ದೂರು. ಅದು ನೆಚ್ಚಿಕೊಂಡ ಷರತ್ತು ಆಸ್ಟ್ರೇಲಿಯಾ ಒಪ್ಪಂದದಲ್ಲಿ ಇರಲೇ ಇಲ್ಲ, ಕುವೈತ್ ಜೊತೆಗಿನ ಒಪ್ಪಂದದಲ್ಲಿತ್ತು. ಒಬ್ಬರಿಗೆ ಕೊಟ್ಟ ಸೌಲಭ್ಯ ಇನ್ನೊಬ್ಬರಿಗೂ ಎಂಬ ತತ್ತ್ವದ ಮೂಲಕ ಅದನ್ನು ಎತ್ತಿ ತರಲು ಪೀಠ ಒಪ್ಪಿತು. ವೊಡಾಫೋನ್ ಮತ್ತು ಕೇರ್ನ್ ಕಂಪನಿಗಳು 2012ರ ಪೂರ್ವಾನ್ವಯ ತೆರಿಗೆ ತಿದ್ದುಪಡಿಯ ವಿರುದ್ಧ 2020ರಲ್ಲಿ ಗೆದ್ದವು. ಕೇರ್ನ್‌ಗೆ 120 ಕೋಟಿ ಡಾಲರ್ ಪರಿಹಾರ ಘೋಷಣೆಯಾಗಿ, ಪ್ಯಾರಿಸಿನಲ್ಲಿದ್ದ ಭಾರತ ಸರ್ಕಾರದ ಆಸ್ತಿಗಳನ್ನು ತಡೆಹಿಡಿಯುವ ಮಟ್ಟಕ್ಕೆ ಹೋದ ಮೇಲೆ, 2021ರ ಆಗಸ್ಟ್‌ನಲ್ಲಿ ಸಂಸತ್ತು ಆ ತೆರಿಗೆಯನ್ನು ಕೈಬಿಟ್ಟಿತು. ಹಿಂದಿನ ವ್ಯವಹಾರಕ್ಕೆ ಈಗ ತೆರಿಗೆ ಹಾಕುವುದು ಸರಿಯಾದ ನಡೆಯಾಗಿರಲಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೂ ಒಂದು ಸಾರ್ವಭೌಮ ದೇಶದ ತೆರಿಗೆ ಕಾನೂನಿನ ಅಳಿವು ಉಳಿವು ಮೂವರು ಖಾಸಗಿ ಮಧ್ಯಸ್ಥಗಾರರ ಕೈಗೆ ಹೋಗುವುದು ಒಪ್ಪತಕ್ಕದ್ದಲ್ಲ.

ಬೆಂಗಳೂರಿಗೆ ಹತ್ತಿರದ ಪ್ರಕರಣವೆಂದರೆ ಇಸ್ರೋದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್ ಮತ್ತು ದೇವಾಸ್ ಮಲ್ಟಿಮೀಡಿಯಾ ಎಂಬ ಖಾಸಗಿ ಕಂಪನಿಯ ನಡುವಿನದು. 2005ರ ಉಪಗ್ರಹ ಗುತ್ತಿಗೆಯನ್ನು 2011ರಲ್ಲಿ ರದ್ದು ಮಾಡಿದಾಗ, ದೇವಾಸ್‌ನ ವಿದೇಶಿ ಹೂಡಿಕೆದಾರರು ಮಾರಿಷಸ್ ಮತ್ತು ಜರ್ಮನಿ ಒಪ್ಪಂದಗಳಡಿ ಬೇರೆಬೇರೆ ದಾವೆ ಹೂಡಿದರು. ಇವುಗಳ ಜೊತೆಗೆ ಗುತ್ತಿಗೆಯ ಆಧಾರದ ಮೇಲೆ ಕಂಪನಿಯದೇ ಒಂದು ವ್ಯಾಜ್ಯ ನಡೆಯಿತು. ಒಂದೇ ರದ್ದತಿಗೆ ಮೂರು ಪೀಠಗಳು. ಅತ್ತ 2022ರ ಜನವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟ್ ಈ ವ್ಯವಹಾರದ ಮೂಲದಲ್ಲೇ ವಂಚನೆಯಿದೆ ಎಂದು ಹೇಳಿ ದೇವಾಸ್‌ನ ಮುಚ್ಚುಗಡೆಯನ್ನು ಎತ್ತಿಹಿಡಿಯಿತು.

ಬಡ ದೇಶಕ್ಕೆ ಇಂತಹ ತೀರ್ಪು ಎಷ್ಟು ಭಾರವೆಂಬುದನ್ನು ಪಾಕಿಸ್ತಾನದಲ್ಲಿ ನೋಡಬಹುದು. ಬಲೂಚಿಸ್ತಾನದ ರೆಕೊ ಡಿಕ್ ತಾಮ್ರ ಗಣಿಗೆ ಪರವಾನಗಿ ನಿರಾಕರಿಸಿದ್ದಕ್ಕಾಗಿ 2019ರ ಜುಲೈನಲ್ಲಿ 580 ಕೋಟಿ ಡಾಲರಿಗೂ ಹೆಚ್ಚು ಕೊಡಬೇಕೆಂದು ತೀರ್ಪಾಯಿತು. ಅದೇ ತಿಂಗಳು ಅಂತರರಾಷ್ಟ್ರೀಯ ಹಣಕಾಸು ನಿಧಿ ಆ ದೇಶವನ್ನು ಸಂಕಷ್ಟದಿಂದ ಎತ್ತಲು ಮಂಜೂರು ಮಾಡಿದ ಸಾಲ ಸುಮಾರು 600 ಕೋಟಿ ಡಾಲರ್. ಉರುಗ್ವೆ ಸಿಗರೇಟು ಪೊಟ್ಟಣದ ಮೇಲೆ ದೊಡ್ಡ ಎಚ್ಚರಿಕೆ ಚಿತ್ರ ಹಾಕಿಸಿದ್ದಕ್ಕೆ ಫಿಲಿಪ್ ಮಾರಿಸ್ 2010ರಲ್ಲಿ ದಾವೆ ಹೂಡಿತು. 2016ರಲ್ಲಿ ಉರುಗ್ವೆ ಗೆದ್ದಿತಾದರೂ, ಆರು ವರ್ಷ ಹೋರಾಡಬೇಕಾದೀತೆಂಬ ಅಂಜಿಕೆಯಿಂದಲೇ ಬೇರೆ ಎಷ್ಟೋ ಸಣ್ಣ ದೇಶಗಳು ಇಂತಹ ಕಾನೂನಿಗೆ ಹಿಂದೇಟು ಹಾಕಬಹುದು.

ಹೂಡಿಕೆ ಒಪ್ಪಂದವಿಲ್ಲದಿದ್ದರೆ ವಿದೇಶಿ ಬಂಡವಾಳ ಬರುವುದಿಲ್ಲವೇ?

ಬರುತ್ತದೆ. ಬ್ರೆಜಿಲ್ ಸಹಿ ಹಾಕಿದ್ದ ಹಳೆಯ ಮಾದರಿಯ ಹೂಡಿಕೆ ಒಪ್ಪಂದಗಳನ್ನು ಅಲ್ಲಿನ ಸಂಸತ್ತು ಜಾರಿಗೆ ಬರಲು ಬಿಡಲಿಲ್ಲ. ಆದರೂ ಲ್ಯಾಟಿನ್ ಅಮೆರಿಕದಲ್ಲಿ ಅತಿ ಹೆಚ್ಚು ವಿದೇಶಿ ಬಂಡವಾಳ ಸೆಳೆಯುವ ದೇಶಗಳ ಮುಂಚೂಣಿಯಲ್ಲಿ ಅದಿದೆ. ಮಾರುಕಟ್ಟೆಯ ಗಾತ್ರ, ರಸ್ತೆ, ವಿದ್ಯುತ್, ನುರಿತ ಕೆಲಸಗಾರರು ಮತ್ತು ನಂಬಲರ್ಹ ನ್ಯಾಯಾಲಯಗಳು ಹೂಡಿಕೆದಾರರನ್ನು ಕರೆತರುತ್ತವೆ. ದಕ್ಷಿಣ ಆಫ್ರಿಕಾ ತನ್ನ ಹಳೆಯ ಒಪ್ಪಂದಗಳನ್ನು ಕೊನೆಗಾಣಿಸುತ್ತ, 2015ರಲ್ಲಿ ದೇಶೀಯ ಕಾಯ್ದೆಯ ಮೂಲಕವೇ ರಕ್ಷಣೆ ಕೊಡುವ ದಾರಿ ಹಿಡಿಯಿತು.

ಭಾರತ 2015ರಲ್ಲಿ ಹೊಸ ಮಾದರಿ ಒಪ್ಪಂದ ರೂಪಿಸಿತು. ಹೊರಗೆ ಹೋಗುವ ಮುನ್ನ ಹೂಡಿಕೆದಾರ ಐದು ವರ್ಷ ನಮ್ಮ ನ್ಯಾಯಾಲಯಗಳಲ್ಲೇ ಪರಿಹಾರಕ್ಕೆ ಪ್ರಯತ್ನಿಸಬೇಕು, ತೆರಿಗೆ ವಿಷಯಗಳು ಒಪ್ಪಂದದ ಹೊರಗೆ ಉಳಿಯಬೇಕು ಎಂಬುದು ಅದರ ಮುಖ್ಯ ಅಂಶಗಳು. 2024ರ ಯುಎಇ ಒಪ್ಪಂದದಲ್ಲಿ ಈ ಐದು ವರ್ಷಗಳು ಮೂರಕ್ಕೆ ಇಳಿದಿವೆ. ಈ ಸಡಿಲಿಕೆ ಮುಂದಿನ ಒಪ್ಪಂದಗಳಿಗೆ ಅಳತೆಗೋಲಾಗುವ ಅಪಾಯವಿದೆ.

ಆರ್‌ಸಿಇಪಿಯಿಂದ ಭಾರತ ಹೊರಬಂದದ್ದು ಸರಿಯೇ?

ಆರ್‌ಸಿಇಪಿ ಎಂದರೆ ಆಸಿಯಾನ್ ದೇಶಗಳು, ಚೀನಾ, ಜಪಾನ್, ನ್ಯೂಜಿಲೆಂಡ್ ಮುಂತಾದವು ಸೇರಿ ರೂಪಿಸಿದ ದೊಡ್ಡ ಮುಕ್ತ ವ್ಯಾಪಾರ ಒಪ್ಪಂದ. ಅದರ ಮಾತುಕತೆಯಿಂದ 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಹಿಂದೆ ಸರಿಯಿತು, ಉಳಿದ 15 ದೇಶಗಳು ಮರುವರ್ಷ ಸಹಿ ಹಾಕಿದವು. ಹಾಲಿನ ಮಟ್ಟಿಗೆ ಈ ನಿರ್ಧಾರ ಖಂಡಿತ ಸರಿ. ತಾನು ಉತ್ಪಾದಿಸುವ ಹಾಲಿನಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ರಫ್ತು ಮಾಡುವ ನ್ಯೂಜಿಲೆಂಡ್‌ನ ಪುಡಿ ಸುಂಕವಿಲ್ಲದೆ ಬಂದರೆ, ಎರಡು ಹಸು ಕಟ್ಟಿಕೊಂಡು ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ನಮ್ಮ ಹೆಣ್ಣುಮಕ್ಕಳು ಅದರೊಡನೆ ಪೈಪೋಟಿ ಮಾಡಲಾರರು. ಚೀನಾದೊಂದಿಗಿನ ನಮ್ಮ ವ್ಯಾಪಾರ ಕೊರತೆ ಆಗಲೇ 5,000 ಕೋಟಿ ಡಾಲರ್ ಮೀರಿತ್ತು. ಹೊರಗುಳಿದದ್ದಕ್ಕೂ ಬೆಲೆಯಿದೆ, ಏಕೆಂದರೆ ಬಿಡಿಭಾಗಗಳು ಆ 15 ದೇಶಗಳ ನಡುವೆ ಸುಲಭವಾಗಿ ಓಡಾಡುವಾಗ ಹೊಸ ಕಾರ್ಖಾನೆ ಹಾಕುವವರು ಅತ್ತಲೇ ವಾಲುತ್ತಾರೆ.

ಇಂತಹ ಒಪ್ಪಂದಕ್ಕೆ ಸಂಸತ್ತಿನ ಅಥವಾ ರಾಜ್ಯಗಳ ಒಪ್ಪಿಗೆ ಬೇಕೇ?

ಬೇಕಿಲ್ಲ. ಅಂತರರಾಷ್ಟ್ರೀಯ ಒಪ್ಪಂದ ಮಾಡಿಕೊಳ್ಳುವುದು ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿದೆ, ಕೃಷಿ ರಾಜ್ಯ ಪಟ್ಟಿಯಲ್ಲಿದೆ. ಆದರೂ 253ನೇ ವಿಧಿಯ ಪ್ರಕಾರ ಒಪ್ಪಂದವನ್ನು ಜಾರಿಗೊಳಿಸಲು ಸಂಸತ್ತು ರಾಜ್ಯದ ವಿಷಯದ ಮೇಲೂ ಕಾನೂನು ಮಾಡಬಹುದು. ಒಪ್ಪಂದಕ್ಕೆ ಸಹಿ ಹಾಕಲು ಮಾತ್ರ ಕೇಂದ್ರ ಸಚಿವ ಸಂಪುಟದ ತೀರ್ಮಾನ ಸಾಕು. ಅಡಿಕೆ, ಕಾಫಿ, ಮೆಣಸು, ರೇಷ್ಮೆಗಳ ಭವಿಷ್ಯ ನಿರ್ಧಾರವಾಗುವಾಗ ಕರ್ನಾಟಕದ ವಿಧಾನಸಭೆಗೆ ಕರಡನ್ನು ನೋಡುವ ಹಕ್ಕೂ ಇಲ್ಲ. 1990ರ ದಶಕದ ಆರಂಭದಲ್ಲಿ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಗಳಿಗೆ ಕರಡಾಗಿದ್ದ ಡಂಕೆಲ್ ಪ್ರಸ್ತಾವವನ್ನು ಬೆಂಗಳೂರಿನ ಬೀದಿಗಳಲ್ಲಿ ಚರ್ಚೆಗೆ ತಂದದ್ದು ಈ ಕಾರಣಕ್ಕೇ. ಆ ಚರ್ಚೆ ನಡೆಯಬೇಕಾಗಿದ್ದ ಸದನಗಳಲ್ಲಿ ಅದಕ್ಕೆ ಜಾಗವಿರಲಿಲ್ಲ. ಅಮೆರಿಕದ ಕಾಂಗ್ರೆಸ್ ಮತ್ತು ಐರೋಪ್ಯ ಸಂಸತ್ತು ತಮ್ಮ ದೇಶಗಳ ವ್ಯಾಪಾರ ಒಪ್ಪಂದಗಳಿಗೆ ಮತ ಹಾಕುತ್ತವೆ. ನಮ್ಮಲ್ಲೂ ಕರಡು ಸಂಸತ್ತಿನ ಮುಂದೆ ಬಂದು, ಬಾಧಿತ ರಾಜ್ಯಗಳ ಮಾತನ್ನು ಕೇಳಿದ ನಂತರವೇ ಸಹಿ ಬೀಳುವಂತಾಗಬೇಕು.

ಸಹಿ ಹಾಕಿದ ಒಪ್ಪಂದದಿಂದ ಹೊರಬರಬಹುದೇ?

ವ್ಯಾಪಾರ ಒಪ್ಪಂದದಿಂದ ನೋಟಿಸ್ ಕೊಟ್ಟು ಹೊರಬರಬಹುದು, ಸುಂಕವನ್ನು ಮತ್ತೆ ಏರಿಸಬಹುದು. ಹೂಡಿಕೆ ಒಪ್ಪಂದ ಹಾಗಲ್ಲ. ರದ್ದಾದ ಮೇಲೂ, ಅದಕ್ಕೆ ಮೊದಲು ಬಂದ ಬಂಡವಾಳಕ್ಕೆ ಸಾಮಾನ್ಯವಾಗಿ 10ರಿಂದ 15 ವರ್ಷಗಳ ಕಾಲ ರಕ್ಷಣೆ ಮುಂದುವರಿಯುತ್ತದೆ ಎಂಬ ಷರತ್ತು ಹಳೆಯ ಒಪ್ಪಂದಗಳಲ್ಲಿರುತ್ತದೆ. ಭಾರತ 2016–17ರ ಸುಮಾರಿಗೆ 58 ದೇಶಗಳಿಗೆ ರದ್ದತಿಯ ಅಥವಾ ನವೀಕರಿಸದಿರುವ ನೋಟಿಸ್ ಕಳುಹಿಸಿತು. 2017ರಲ್ಲಿ ಕೊನೆಗೊಂಡ ಒಪ್ಪಂದದಲ್ಲಿ 15 ವರ್ಷಗಳ ಷರತ್ತು ಇದ್ದರೆ, ಅದಕ್ಕೆ ಮುಂಚೆ ಹಾಕಿದ ಬಂಡವಾಳದ ಬಗ್ಗೆ 2032ರವರೆಗೂ ದಾವೆ ಬರಲು ಅವಕಾಶವಿದೆ.